ಹೂದಾನಿಯನ್ನು ಬೋರಲು ಹಾಕಿ ನೋಡಿ

ಲಂಡನ್ನಿನ ಹ್ಯಾರೋದಲ್ಲಿರುವ ಅಕ್ಕನ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ಗೇಣುದ್ದದ ಗಾಜಿನ ಹೂದಾನಿ. ಬಣ್ಣ ಹಣ್ಣಾದ ಕಿತ್ತಳೆಯದು. ಮೈಯೆಲ್ಲ ಮರದ ತೊಗಟೆಯ ಹಾಗೆ ಒರಟೊರಟು, ಸೀಳುಸೀಳು. ಕೆಳಗೆ ಎರಡು ಸಾಲು: "ಚಾರಿಟಿ ಅಂಗಡೀಲಿ ಸಿಕ್ತು ಮಾಮ, 4 ಪೌಂಡು. ಚೀಟಿ ಮೇಲೆ ಮುರಾನೊ ಅಂತ ಬರೆದಿದ್ದಾರೆ. ನಿಜಾನಾ?"

ಮುರಾನೊ ವೆನಿಸ್ಸಿನ ಪಕ್ಕದ ದ್ವೀಪ. ಊರಿಗೆ ಬೆಂಕಿ ಬಿದ್ದೀತೆಂಬ ಭಯಕ್ಕೆ ವೆನಿಸ್ಸಿನ ಆಡಳಿತ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಅಲ್ಲಿಗೆ ಸಾಗಹಾಕಿತು. ಅಲ್ಲಿಂದೀಚೆಗೆ ಆ ಹೆಸರಿಗೆ ಬಂದಿರುವ ತೂಕ ಎಂಥದ್ದೆಂದರೆ, ಬಣ್ಣದ ಗಾಜು ಕಣ್ಣಿಗೆ ಬಿದ್ದರೆ ಸಾಕು, ಯುರೋಪಿನ ಹಳೇ ಸಾಮಾನಿನ ಅಂಗಡಿಯವರ ಬಾಯಲ್ಲಿ ಮುರಾನೊ ತಾನಾಗಿ ಉದುರುತ್ತದೆ. ನಾವೇನೂ ನಗಬೇಕಾಗಿಲ್ಲ. ನಮ್ಮಲ್ಲಿ 'ಬೆಲ್ಜಿಯಂ ಗಾಜು' ಇಲ್ಲವೇ? ಅಜ್ಜನ ಕಾಲದ ನಿಲುವುಗನ್ನಡಿ ಬೆಲ್ಜಿಯಂ, ತೊಟ್ಟಿಮನೆಯ ತೂಗುದೀಪ ಬೆಲ್ಜಿಯಂ. ನಮ್ಮ ಮನೆಯ ಷೋಕೇಸಿನಲ್ಲಿ ಪ್ಲಾಸ್ಟಿಕ್ ಗುಲಾಬಿ ಹೊತ್ತು ನಿಂತಿದ್ದ ಹೂದಾನಿಯೂ ಅಮ್ಮನ ಪ್ರಕಾರ ಬೆಲ್ಜಿಯಮ್ಮಿನದೇ. ಅದರ ವಿಚಾರ ಆಮೇಲೆ.

"ಚೀಟಿ ಕಿತ್ತು ಬಿಸಾಕು. ಹೂದಾನೀನ ಬೋರಲು ಹಾಕಿ ತಳದ ಫೋಟೊ ಕಳಿಸು" ಎಂದು ಬರೆದೆ.

"ತಳದಲ್ಲಿ ಏನೂ ಬರೆದಿಲ್ಲ ಮಾಮ" ಎಂದು ಬಂತು ಉತ್ತರ. ಪಾಪ, ಬೇಸರವಾಗಿತ್ತು ಅವಳಿಗೆ.

ಬರೆದಿರುವುದು ಅಪರೂಪವೇ. ಪಿಂಗಾಣಿ ತಟ್ಟೆಯನ್ನು ಮಗುಚಿದರೆ ಕಾರ್ಖಾನೆಯ ಮುದ್ರೆ ಸಾಮಾನ್ಯವಾಗಿ ಸಿಗುತ್ತದೆ. ಮೆರುಗಿನ ಕೆಳಗೆ ಬೆಂದು ಕೂತ ಅಕ್ಷರ ಅಳಿಸುವುದಿಲ್ಲ. ಗಾಜಿಗೆ ಹೆಚ್ಚಿನವರು ಕಾಗದದ ಸ್ಟಿಕ್ಕರ್ ಅಂಟಿಸಿ ಕಳಿಸುತ್ತಿದ್ದರು. ಫಿನ್ಲೆಂಡಿನ ಈಟ್ಟಾಲ ಕಾರ್ಖಾನೆಯ ಕೆಂಪು ದುಂಡಿನೊಳಗಿನ 'ಐ' ಅಕ್ಷರ 1956ರಲ್ಲಿ ಟಿಮೊ ಸಾರ್ಪನೇವ ಬರೆದುಕೊಟ್ಟದ್ದು. ಅದೇ ದೇಶದ ರಿಹಿಮ್ಯಾಕಿ ಕಾರ್ಖಾನೆಯ ಸ್ಟಿಕ್ಕರಿನಲ್ಲಿ ಲಿಂಕ್ಸ್ ಎಂಬ ಕಾಡುಬೆಕ್ಕು. ಇಂಗ್ಲೆಂಡಿನ ವೈಟ್‌ಫ್ರಯರ್ಸ್‌ನದರಲ್ಲಿ ನಿಲುವಂಗಿ ತೊಟ್ಟ ಪುಟ್ಟ ಬಿಳಿ ಸನ್ಯಾಸಿ. ಚೆಲುವಾದ ಗುರುತುಗಳೇ ಎಲ್ಲ. ಆದರೆ ಮನೆಗೆ ತಂದು ಮೊದಲ ಸಲ ಸೋಪು ಹಾಕಿ ತೊಳೆದ ದಿನವೇ ಸನ್ಯಾಸಿ ಚರಂಡಿಗೆ ಹೋದ. ಹೆಸರಾಂತ ವಿನ್ಯಾಸಕಾರರ ಕೆಲವು ಕೃತಿಗಳ ತಳದಲ್ಲಿ ಗೀರಿ ಬರೆದ ಸಹಿ ಇರುವುದುಂಟು. ಮನೆಬಳಕೆಯ ಹೂದಾನಿಗೆ ಆ ಭಾಗ್ಯವಿಲ್ಲ.

ಹಾಗಾಗಿ ಗಾಜಿನ ಹತ್ತಿರ "ಯಾವೂರು ನಿಂದು?" ಎಂದು ನೇರ ಕೇಳಿ ಪ್ರಯೋಜನವಿಲ್ಲ. "ಹೇಗೆ ಹುಟ್ಟಿದೆ?" ಎಂದು ಕೇಳಬೇಕು. ಒರಟು ಮೈಯ ಗಾಜು ಈ ಪ್ರಶ್ನೆಗೆ ನುಣುಪು ಗಾಜಿಗಿಂತ ಚೆನ್ನಾಗಿ ಉತ್ತರ ಹೇಳುತ್ತದೆ. ಅದರ ಮೈಮೇಲಿರುವ ಪ್ರತಿ ಉಬ್ಬು, ಪ್ರತಿ ಸೀಳು ಅದನ್ನು ಹೆತ್ತ ಅಚ್ಚಿನ ಗುರುತು.

ಸಂಕ್ರಾಂತಿಗೆ ಮನೆಯಲ್ಲೇ ಸಕ್ಕರೆ ಅಚ್ಚು ಮಾಡಿದವರಿಗೆ ಈ ವಿದ್ಯೆಯ ಅರ್ಧ ಆಗಲೇ ಗೊತ್ತು. ಮರದ ಎರಡು ಹೋಳುಗಳನ್ನು ನೀರಿನಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಪಾಕ ಮರಕ್ಕೆ ಕಚ್ಚಿಕೊಳ್ಳುತ್ತದೆ. ಹೋಳುಗಳನ್ನು ಜೋಡಿಸಿ ಕಟ್ಟಿ ಪಾಕ ಹೊಯ್ದು, ಗಟ್ಟಿಯಾದ ಮೇಲೆ ಬಿಚ್ಚಿದರೆ ಗಿಳಿ, ಆನೆ, ತೇರು. ಎರಡು ಹೋಳು ಕೂಡುವ ಕಡೆ ಗಿಳಿಯ ಬೆನ್ನಗುಂಟ ಸಣ್ಣದೊಂದು ಏಣುಗೆರೆ ಉಳಿದಿರುತ್ತದೆ. ಗಾಜಿನವರ ಮರದ ಅಚ್ಚಿನದೂ ಇದೇ ಕಥೆ. ಅಚ್ಚನ್ನು ನೀರಲ್ಲಿ ನೆನೆಸಿಯೇ ಇಡುತ್ತಾರೆ. ಊದುಗೊಳವೆಯ ತುದಿಯ ಕಾದ ಗಾಜಿನ ಉಂಡೆ ಒಳಗಿಳಿದಾಗ ನೀರು ಹಬೆಯಾಗಿ, ಗಾಜಿಗೂ ಮರಕ್ಕೂ ನಡುವೆ ತೆಳುವಾದ ಹಬೆಯ ಹಾಸಿಗೆ ಹಾಸುತ್ತದೆ. ಊದುವವನು ಗಾಜನ್ನು ಅಚ್ಚಿನೊಳಗೇ ಗರಗರ ತಿರುಗಿಸಿದರೆ ಏಣುಗೆರೆಯೂ ಅಳಿಸಿ ಮೈ ನುಣ್ಣಗಾಗುತ್ತದೆ.

ಒರಟು ಮೈ ಬೇಕೆಂದರೆ ಹೀಗೆ ತಿರುಗಿಸುವಂತಿಲ್ಲ, ತಿರುಗಿಸಿದರೆ ತೊಗಟೆಯೇ ಅಳಿಸಿಹೋಗುತ್ತದೆ. ಊದಬೇಕು, ಅಚ್ಚಿನ ಗೋಡೆಗೆ ಗಾಜು ಒತ್ತಿಕೊಳ್ಳಬೇಕು, ಹೋಳು ಬಿಚ್ಚಿ ಹೊರಗೆ ತೆಗೆಯಬೇಕು. ಆದ್ದರಿಂದ ತೊಗಟೆ ಮೈಯ ಹೂದಾನಿಯಲ್ಲಿ ಎಲ್ಲೋ ಒಂದು ಕಡೆ ಅಚ್ಚಿನ ಗೆರೆ ಇದ್ದೇ ಇರಬೇಕು. ಚೆನ್ನಾಗಿ ಮಾಡುವವರು ಅದನ್ನು ತೊಗಟೆಯ ಸೀಳಿನಲ್ಲೇ ಅಡಗಿಸುತ್ತಾರೆ. ಗೆರೆ ಕಂಡ ತಕ್ಷಣ "ಅಯ್ಯೋ, ಮೆಷಿನ್ನಿನ ಮಾಲು" ಎಂದು ಮೂಗು ಮುರಿಯುವವರಿದ್ದಾರೆ. ಬಾಯಿಂದ ಊದಿದ ಗಾಜಿಗೂ ಗೆರೆ ಬರುತ್ತದೆ ಎಂಬುದು ಅವರಿಗೆ ತಿಳಿಯದು.

ಇನ್ನೊಂದು ಹುಟ್ಟು ಒತ್ತಿ ಮಾಡುವುದು. ಕಬ್ಬಿಣದ ಅಚ್ಚಿಗೆ ಕಾದ ಗಾಜನ್ನು ಹಾಕಿ, ಮೇಲಿಂದ ಕಬ್ಬಿಣದ ಕೊರಡನ್ನು ಇಳಿಸಿ ಅದುಮಿದರೆ ಗಾಜು ಎದ್ದು ಅಚ್ಚಿನ ಸಂದುಗೊಂದನ್ನೆಲ್ಲ ತುಂಬುತ್ತದೆ. ಇಲ್ಲೊಂದು ಕಟ್ಟುಪಾಡು ಇದೆ, ಪತ್ತೆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಗೊತ್ತಿಲ್ಲ: ಒಳಗಿಳಿದ ಕೊರಡು ವಾಪಸ್ ಹೊರಗೆ ಬರಬೇಕು. ಹಾಗಾಗಿ ಒತ್ತಿ ಮಾಡಿದ ಹೂದಾನಿಯ ಹೊಟ್ಟೆ ಬಾಯಿಗಿಂತ ದೊಡ್ಡದಿರಲು ಸಾಧ್ಯವಿಲ್ಲ. ಹೊರಗೆ ಎಷ್ಟೇ ಮುಳ್ಳು ಗಂಟುಗಳಿರಲಿ, ಒಳಗೆ ಬೆರಳು ಹಾಕಿದರೆ ಸ್ಟೀಲ್ ಲೋಟದ ಹಾಗೆ ನುಣುಪು, ಮೇಲೆ ಬಂದಂತೆ ಅಗಲ. ಅಚ್ಚಿಗೆ ಊದಿದ್ದಾದರೆ, ಗಾಜು ತೆಳ್ಳಗಿದ್ದ ಕಡೆ ಹೊರಗಿನ ಉಬ್ಬು ಒಳಗೆ ತಗ್ಗಾಗಿ ಬೆರಳಿಗೆ ಸಿಗುತ್ತದೆ. ದಪ್ಪಗಿದ್ದರೂ ಒಂದು ಮಂದ ಅಲೆಯಾದರೂ ಇರುತ್ತದೆ. ಕಣ್ಣಿಗಿಂತ ಬೆರಳು ಇಲ್ಲಿ ಜಾಣ.

ಒತ್ತುಗಾಜಿನಲ್ಲಿ ಎತ್ತಿದ ಕೈ ಆಗಿನ ಜೆಕೊಸ್ಲೊವಾಕಿಯದವರದು. 1965ರಲ್ಲಿ ಹಲವು ಕಾರ್ಖಾನೆಗಳನ್ನು ಸೇರಿಸಿ ಸ್ಕ್ಲೊ ಯೂನಿಯನ್ ಎಂಬ ಸರ್ಕಾರಿ ಸಂಸ್ಥೆ ಮಾಡಿದರು. ಫ್ರಾಂಟಿಶೆಕ್ ವಿಜ್ನರ್, ರುಡಾಲ್ಫ್ ಯುರ್ನಿಕ್ಲ್‌ರಂಥ ಕಲಾವಿದರು ಅಗ್ಗದ ಒತ್ತು ಹೂದಾನಿಗಳಿಗೆ ಶಿಲ್ಪದ ಗಾಂಭೀರ್ಯ ಕೊಟ್ಟರು. ದಪ್ಪ ಗಾಜು, ಲೆಕ್ಕ ಹಾಕಿ ಇಟ್ಟಂಥ ಉಬ್ಬುತಗ್ಗು, ಬದಿಯಲ್ಲಿ ಮುಚ್ಚುಮರೆಯಿಲ್ಲದ ಅಚ್ಚಿನ ಗೆರೆ. ಅವನ್ನೂ ಇಂದು ಎಷ್ಟೋ ಕಡೆ ಮುರಾನೊ ಎಂದು ಮಾರುತ್ತಾರೆ. ವಿಜ್ನರ್ ಹೆಸರಿನಲ್ಲೇ ಮಾರಿದರೆ ಅವರ ಗಂಟೇನು ಹೋಗುತ್ತದೋ.

ಹ್ಯಾರೋದ ಹೂದಾನಿಗೆ ಬರೋಣ. ಬೆರಳು ಹಾಕು ಎಂದೆ. "ಒಳಗೆ ಸ್ವಲ್ಪ ಏರಿಳಿತ ಇದೆ" ಎಂದಳು. ಅಲ್ಲಿಗೆ ಒತ್ತಿದ್ದಲ್ಲ, ಊದಿದ್ದು. ಕಿಟಕಿಯ ಬೆಳಕಿಗೆ ಹಿಡಿದು ಬಾಯಂಚನ್ನು ಮೇಲಿಂದ ನೋಡು ಎಂದೆ. "ಒಳಗಡೆ ಕಿತ್ತಳೆ, ಅದರ ಸುತ್ತ ಬಿಳೀ ಗಾಜಿನ ಉಂಗುರ ಇದೆ ಮಾಮ! ತಳದಲ್ಲೂ ಹಾಗೇ, ಬಣ್ಣ ಮೇಲೆ ನಿಂತಿದೆ, ಕೆಳಗೆ ಬರೀ ಗಾಜು." ಇದು ಹೊದಿಕೆ ಗಾಜು. ಮೊದಲು ಬಣ್ಣದ ಗಾಜನ್ನು ಕೊಳವೆಗೆ ತೆಗೆದುಕೊಂಡು, ಅದನ್ನು ಬಣ್ಣವಿಲ್ಲದ ಗಾಜಿನ ಮಡಕೆಯಲ್ಲಿ ಅದ್ದಿ ಮೇಲೊಂದು ಪದರ ಹತ್ತಿಸಿ, ಆಮೇಲೆ ಊದುತ್ತಾರೆ. ತೊಗಟೆಯ ಕೆತ್ತನೆಯೆಲ್ಲ ಹೊರಗಿನ ತಿಳಿ ಪದರದಲ್ಲಿ, ಬಣ್ಣ ಮಾತ್ರ ಒಳಗೆ. ಬೆಳಕು ಬಿದ್ದರೆ ಹೂದಾನಿಯ ಹೊಟ್ಟೆಯಲ್ಲಿ ದೀಪ ಹಚ್ಚಿಟ್ಟ ಹಾಗಿರುತ್ತದೆ. ಎರಡು ಮಡಕೆ ಗಾಜು, ಎರಡು ಪಟ್ಟು ಶ್ರಮ. ತೀರಾ ಅಗ್ಗದ ಕಾರ್ಖಾನೆ ಈ ಗೋಜಿಗೆ ಹೋಗುವುದಿಲ್ಲ.

ಕೊನೆಗೆ ಅಡಿಪಟ್ಟಿ ಇಟ್ಟು ಅಳತೆ ಕೇಳಿದೆ. 19 ಸೆಂಟಿಮೀಟರು. ಅಂದರೆ ಏಳೂವರೆ ಇಂಚು.

ಅಷ್ಟಾದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಅದು ವೈಟ್‌ಫ್ರಯರ್ಸ್ ಕಾರ್ಖಾನೆಯ ತೊಗಟೆ ಹೂದಾನಿ; ಅವರ ಪಟ್ಟಿಯಲ್ಲಿ 9690ನೆಯ ನಮೂನೆ. ಇದರ ತಮ್ಮ ಆರು ಇಂಚಿನವನು 9689, ಅಣ್ಣ ಒಂಬತ್ತು ಇಂಚಿನವನು 9691. ತಮಾಷೆಯೆಂದರೆ ಆ ಕಾರ್ಖಾನೆ ಇದ್ದದ್ದು ಇಟಲಿಯಲ್ಲೂ ಅಲ್ಲ, ಇನ್ನೆಲ್ಲೂ ಅಲ್ಲ, ಹ್ಯಾರೋಗೆ ಸೇರಿದ ವೀಲ್ಡ್‌ಸ್ಟೋನಿನಲ್ಲಿ. ಹೂದಾನಿ ಹುಟ್ಟೂರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲವೋ ಏನೋ. ಹುಟ್ಟೂರಿನ ಅಂಗಡಿಯಲ್ಲೇ ಪರದೇಶಿಯಾಗಿ ಕೂತಿತ್ತು.

ವೈಟ್‌ಫ್ರಯರ್ಸ್ ಮೊದಲಿಗೆ ಇದ್ದದ್ದು ಲಂಡನ್ನಿನ ನಡುಮಧ್ಯೆ, ಫ್ಲೀಟ್ ಸ್ಟ್ರೀಟಿನ ಹತ್ತಿರ. ಒಂದು ಕಾಲಕ್ಕೆ ಬಿಳಿ ನಿಲುವಂಗಿಯ ಕಾರ್ಮೆಲೈಟ್ ಸನ್ಯಾಸಿಗಳ ಮಠವಿದ್ದ ಜಾಗ. ಹೆಸರೂ ಸ್ಟಿಕ್ಕರಿನ ಸನ್ಯಾಸಿಯೂ ಅಲ್ಲಿಂದ ಬಂದದ್ದು. 1834ರಲ್ಲಿ ಜೇಮ್ಸ್ ಪವೆಲ್ ಎಂಬ ವೈನ್ ವ್ಯಾಪಾರಿ ಅದನ್ನು ಕೊಂಡ. ಮುಂದೆ ಅದು ಚರ್ಚುಗಳ ಬಣ್ಣದ ಕಿಟಕಿಗಳಿಗೂ, ವಿಲಿಯಂ ಮಾರಿಸ್‌ಗಾಗಿ ಫಿಲಿಪ್ ವೆಬ್ ವಿನ್ಯಾಸ ಮಾಡಿದ ಗಾಜಿನ ಪಾತ್ರೆಗಳಿಗೂ ಹೆಸರಾಯಿತು. ಪೇಟೆಯೊಳಗೆ ಜಾಗ ಸಾಲದೆ 1923ರಲ್ಲಿ ವೀಲ್ಡ್‌ಸ್ಟೋನಿಗೆ ಬಂತು. ಹಳೆಯ ಕುಲುಮೆಯ ಕೆಂಡವನ್ನೇ ಹೊತ್ತು ತಂದು ಹೊಸ ಕುಲುಮೆ ಹೊತ್ತಿಸಿದರಂತೆ. 1980ರಲ್ಲಿ ಆ ಬೆಂಕಿ ಆರಿತು.

ತೊಗಟೆ ಹೂದಾನಿಯ ಹಿಂದಿನ ತಲೆ ಜೆಫ್ರಿ ಬ್ಯಾಕ್ಸ್‌ಟರ್ ಅವರದು. 1954ರಲ್ಲಿ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ನೇರ ಈ ಕಾರ್ಖಾನೆಗೆ ಬಂದು, ಬಾಗಿಲು ಮುಚ್ಚುವ ತನಕ ಇದ್ದವರು. ಅರವತ್ತರ ದಶಕದ ನಡುವೆ ಅವರು ಅಚ್ಚಿನ ಒಳಗೋಡೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚಿ ನೋಡತೊಡಗಿದರು. ಮರದ ತೊಗಟೆ, ಮೊಳೆಯ ತಲೆ, ಸುತ್ತಿದ ತಂತಿ, ಇಟ್ಟಿಗೆ. ಇಷ್ಟವಾದ ಮೈಯನ್ನು ಆಮೇಲೆ ಕಬ್ಬಿಣದ ಅಚ್ಚಿಗಿಳಿಸಿ ತಯಾರಿಕೆಗೆ ತಂದರು. 1967ರಲ್ಲಿ ಈ ಸರಣಿ ಅಂಗಡಿಗೆ ಬಂತು. ಮೂರು ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ನಡುವಿನದನ್ನು ಪಕ್ಕಕ್ಕೆ ಸರಿಸಿದಂಥ ಒಂದು ಹೂದಾನಿಯಿದೆ. ಕಾರ್ಖಾನೆಯ ಪಟ್ಟಿಯಲ್ಲಿ ಅದಕ್ಕೆ ಬರೀ ನಂಬರು. ಜನ ಅದನ್ನು ಡ್ರಂಕನ್ ಬ್ರಿಕ್‌ಲೇಯರ್ ಎಂದು ಕರೆದರು, ಕುಡಿದು ಬಂದ ಗಾರೆ ಕೆಲಸದವನು ಕಟ್ಟಿದ ಗೋಡೆ. ಮನೆ ಕಟ್ಟಿಸಿ ನೋಡಿದ ಯಾರಿಗಾದರೂ ಈ ಹೆಸರಿನ ಸಂಕಟ ಅರ್ಥವಾದೀತು. ತಂತಿಯ ಸುರುಳಿಗಳಿರುವ ಇನ್ನೊಂದಕ್ಕೆ ಬ್ಯಾಂಜೊ ಎಂಬ ಹೆಸರು ನಿಂತಿತು.

ಮೊದಲ ವರ್ಷದ ಬಣ್ಣಗಳು ತಣ್ಣಗಿನವು: ದಾಲ್ಚಿನ್ನಿಯ ಕಂದು, ನೀಲಿ, ವಿಲೋ ಮರದ ಹೆಸರಿನ ಮಾಸಲು ಬೂದುಹಸಿರು. 1969ರಲ್ಲಿ ಟ್ಯಾಂಜರೀನ್ ಎಂಬ ಕಿತ್ತಳೆ, ಮಿಂಚುಳ್ಳಿ ನೀಲಿ, ಹುಲ್ಲುಗಾವಲ ಹಸಿರು ಬಂದವು. ಇದರಿಂದ ಕಾಲವೂ ಸಿಕ್ಕಿತು ನೋಡಿ. ಅವಳ ಹೂದಾನಿ ಕಿತ್ತಳೆಯದಾದ್ದರಿಂದ 1969ಕ್ಕಿಂತ ಹಿಂದಿನದಲ್ಲ, 1980ಕ್ಕಿಂತ ಈಚಿನದಲ್ಲ. ನೆಲಹಾಸಿನಿಂದ ಅಡುಗೆ ಪಾತ್ರೆಯ ತನಕ ಎಲ್ಲವೂ ಕಿತ್ತಳೆಯಾಗಿದ್ದ ಕಾಲ ಅದು.

ಬಣ್ಣವನ್ನು ಮಾತ್ರ ನಂಬಿ ಊರು ಹೇಳಬಾರದು. ಕೋಬಾಲ್ಟ್ ಹಾಕಿದರೆ ಎಲ್ಲ ದೇಶದ ಗಾಜೂ ನೀಲಿಯೇ. ಕ್ಯಾಡ್ಮಿಯಂ, ಸೆಲೆನಿಯಂ ಹಾಕಿದರೆ ಹಳದಿಯಿಂದ ಕೆಂಪಿನವರೆಗೆ ಏನು ಬೇಕೋ ಅದು. ಕಳ್ಳನೋಟು ಹಿಡಿಯುವ ನೇರಳೆ ಟಾರ್ಚು ಬಿಟ್ಟಾಗ ಹಸಿರಾಗಿ ಹೊಳೆದರೆ ಗಾಜಿನಲ್ಲಿ ಯುರೇನಿಯಂ ಇದೆ ಎನ್ನಬಹುದು. ಅದನ್ನೂ ಹತ್ತು ದೇಶದವರು ಬಳಸಿದ್ದಾರೆ. ಗುಳ್ಳೆಗಳಿದ್ದರೆ ಕೈಕೆಲಸ, ಕೈಕೆಲಸವಾದರೆ ಮುರಾನೊ ಎಂಬ ತರ್ಕವಂತೂ ಕೇಳಲೇಬೇಡಿ. ಬಣ್ಣ, ಅಳತೆ, ಹೊದಿಕೆ, ಅಚ್ಚಿನ ಗೆರೆ ನಾಲ್ಕೂ ಒಂದೇ ಕಡೆ ಬೆರಳು ಮಾಡಿದಾಗ ಮಾತ್ರ ಬಾಯಿ ಬಿಡಬೇಕು.

ತೊಗಟೆ ಗಾಜು ಮಾಡಿದವರು ಬ್ಯಾಕ್ಸ್‌ಟರ್ ಒಬ್ಬರೇ ಅಲ್ಲ ಎಂಬುದು ಇಲ್ಲಿನ ತೊಡಕು. ಅವರ ಕಣ್ಣು ಮೊದಲಿಂದಲೂ ಉತ್ತರ ಯುರೋಪಿನ ಕಡೆಗಿತ್ತು. ಸಾರ್ಪನೇವ 1964ರಲ್ಲೇ ಈಟ್ಟಾಲಕ್ಕಾಗಿ ಫಿನ್ಲಾಂಡಿಯ ಸರಣಿ ಮಾಡಿದ್ದರು. ಅವರ ಅಚ್ಚು ಸುಟ್ಟ ಮರದ್ದು. ರಿಹಿಮ್ಯಾಕಿಯಲ್ಲಿ ಹೆಲೆನಾ ಟೈನೆಲ್ ಸೂರ್ಯನ ಮುಖದ ಒರಟು ಬಾಟಲಿಗಳನ್ನೂ, ನ್ಯಾನಿ ಸ್ಟಿಲ್ ಗ್ರಪ್ಪೋನಿಯ ಸರಣಿಯನ್ನೂ ಮಾಡಿದರು. ಜರ್ಮನಿಯ ಇಂಗ್ರಿಡ್ ಕಾರ್ಖಾನೆಯ ತೊಗಟೆ ಹೂದಾನಿಗಳನ್ನು ಫೋಟೊದಲ್ಲಿ ನೋಡಿದರೆ ನಾನೂ ಒಂದು ಗಳಿಗೆ ತಡವರಿಸುತ್ತೇನೆ.

ಆಗ ನೆರವಿಗೆ ಬರುವುದು ಆ ಅಚ್ಚಿನ ಗುರುತೇ. ಸಾರ್ಪನೇವರ ಮರದ ಅಚ್ಚಿಗೆ ಪ್ರತಿ ಸಲ ಕಾದ ಗಾಜು ಇಳಿದಾಗ ಮರ ಇನ್ನಷ್ಟು ಸುಡುತ್ತದೆ. ಇಂದು ಇದ್ದ ಸೀಳು ನಾಳೆ ಅಗಲವಾಗುತ್ತದೆ, ನಾಡಿದ್ದು ಹೊಸದೊಂದು ಹುಟ್ಟುತ್ತದೆ. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಬ್ಯಾಕ್ಸ್‌ಟರ್ ಅವರದು ಕಬ್ಬಿಣ. ಒಂದು ಅಚ್ಚಿನಿಂದ ಬಂದವುಗಳಲ್ಲಿ ಗಂಟು ಇದ್ದ ಕಡೆಯೇ ಗಂಟು, ಸೀಳು ಇದ್ದ ಕಡೆಯೇ ಸೀಳು. ಗುರುತು ಗಟ್ಟಿಯಾಗಿರುವ ಒಂದು 9690ರ ಫೋಟೊವನ್ನು ಪಕ್ಕದಲ್ಲಿಟ್ಟುಕೊಂಡು, ಪೊಲೀಸರು ಬೆರಳಚ್ಚು ತಾಳೆ ನೋಡುವಂತೆ ಗಂಟಿಗೆ ಗಂಟು ತಾಳೆ ನೋಡಬಹುದು. ನಮ್ಮ ಹುಡುಗಿ ಒಂದು ಭಾನುವಾರ ಪೂರ್ತಿ ಇದೇ ಮಾಡಿದಳು. ಬಾಯಿಂದ ಎರಡಿಂಚು ಕೆಳಗಿನ ಗಂಟೊಂದು ತಾಳೆಯಾದಾಗ ಫೋನ್ ಮಾಡಿ ಕೂಗಿದಳು. ಅವಳು ಎಂಜಿನಿಯರಿಂಗ್ ಫಲಿತಾಂಶದ ದಿನವೂ ಅಷ್ಟು ಕೂಗಿರಲಿಲ್ಲ.

ನಕಲಿಗಳೂ ಇವೆ. ಬೆಲೆ ಏರಿದ ಮೇಲೆ ಬ್ಯಾಂಜೊ, ಡ್ರಂಕನ್ ಬ್ರಿಕ್‌ಲೇಯರ್ ಎರಡಕ್ಕೂ ನಕಲು ಬಂದವು. ಅಸಲಿನ ಮೇಲೆ ಅಚ್ಚು ತೆಗೆದು ಮಾಡಿದ್ದಾದರೆ ಉಬ್ಬುಗಳ ಚೂಪು ಸತ್ತು, ಸವೆದ ನಾಣ್ಯದ ಹಾಗೆ ಕಾಣುತ್ತದೆ. ಕಾರ್ಖಾನೆ ಎಂದೂ ಮಾಡದ ಬಣ್ಣದಲ್ಲಿ ಬಂದರೆ ಇನ್ನೂ ಸುಲಭ. ತಳವನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ. ನಾಲ್ಕೈದು ದಶಕ ಮೇಜಿನ ಮೇಲೆ ಅತ್ತಿತ್ತ ಸರಿದಾಡಿದ ಗಾಜಿಗೆ ದಿಕ್ಕುದಿಕ್ಕಿಗೆ ಸಣ್ಣ ಗೀರುಗಳಿರುತ್ತವೆ. ಉಪ್ಪುಕಾಗದ ಉಜ್ಜಿ ಹಳತು ಮಾಡಿದ್ದಕ್ಕೆ ಎಲ್ಲ ಗೀರೂ ಒಂದೇ ದಿಕ್ಕಿಗೆ, ಬಾಚಿದ ತಲೆಯ ಹಾಗೆ.

ಇಷ್ಟೆಲ್ಲ ಪಾಠ ಹೇಳಿದ ಮೇಲೆ ಅವಳು ಕೇಳಿದ ಪ್ರಶ್ನೆಗೆ ನಾನು ತಬ್ಬಿಬ್ಬಾದೆ. "ಮಾಮ, ಅಜ್ಜಿಯ ಬೆಲ್ಜಿಯಂ ಹೂದಾನೀನ ಯಾವತ್ತಾದ್ರೂ ಬೋರಲು ಹಾಕಿ ನೋಡಿದ್ದೀಯಾ?"

ನೋಡಿರಲಿಲ್ಲ. ಮನೆಯ ಸಾಮಾನನ್ನು ಯಾರು ನೋಡುತ್ತಾರೆ? ಪ್ಲಾಸ್ಟಿಕ್ ಗುಲಾಬಿಗಳನ್ನು ತೆಗೆದಿಟ್ಟು, ದೂಳು ಒರೆಸಿ, ಮೇಜಿನ ಮೇಲೆ ಹಳೇ ಟವೆಲ್ ಹಾಸಿ ಅದನ್ನು ಮಲಗಿಸಿದೆ. ಮೈತುಂಬ ಹುರುಪೆ ಇರುವ ಒಂದು ಮೀನಿನ ಆಕಾರ. ಚೆಂಡುಹೂವಿನ ಕಿತ್ತಳೆ, ಅದರ ಮೇಲೆ ನೀರಿನಲ್ಲಿ ಎಣ್ಣೆ ಬಿದ್ದಾಗ ಕಾಣುವ ಕಾಮನಬಿಲ್ಲಿನ ಹೊಳಪು. ಅಲ್ಲಲ್ಲಿ ಮಂಜು ಹಿಡಿದಂತೆ ಮಸುಕು ಬಿಳಿ. ಕೈಗೆ ಹಗುರ. ಒಳಗೆ ಬೆರಳು ಹಾಕಿದರೆ ಮೀನಿನ ಹೊಟ್ಟೆ ಒಳಗಿಂದಲೂ ಸಿಗುತ್ತದೆ. ಅಂದರೆ ಅಚ್ಚಿಗೆ ಊದಿದ್ದು, ತೆಳುಗಾಜು.

ಆ ಹೊಳಪನ್ನು ಬಿಸಿ ಗಾಜಿನ ಮೇಲೆ ಲೋಹದ ಲವಣಗಳನ್ನು ಸಿಂಪಡಿಸಿ ತರಿಸುತ್ತಾರೆ. ಅಮೆರಿಕದ ಫೆಂಟನ್ ಕಂಪನಿ 20ನೇ ಶತಮಾನದ ಮೊದಲ ದಶಕದಲ್ಲಿ ಇದನ್ನು ದೊಡ್ಡದಾಗಿ ಮಾಡಿತು. ಮುಂದೆ ಜಾತ್ರೆಗಳಲ್ಲಿ ಬಹುಮಾನವಾಗಿ ಹಂಚುವಷ್ಟು ಅಗ್ಗವಾಗಿ ಕಾರ್ನಿವಲ್ ಗಾಜು ಎಂಬ ಹೆಸರು ಪಡೆಯಿತು. ಈ ಕಿತ್ತಳೆಯನ್ನು ಸಂಗ್ರಾಹಕರು ಇಂದಿಗೂ ಮಾರಿಗೋಲ್ಡ್, ಅಂದರೆ ಚೆಂಡುಹೂವು ಎಂದೇ ಕರೆಯುತ್ತಾರೆ. ಮೀನು, ಆನೆ, ದೇವಿ, ಹೂಜಿ ಹಿಡಿದ ಕೈ ಇಂಥ ಆಕಾರಗಳಲ್ಲಿ ಅದೇ ಹೊಳಪಿನ ಹೂದಾನಿಗಳನ್ನು ಮಾಡಿದ್ದು ಬೆಲ್ಜಿಯಂ ಅಲ್ಲ. ಉತ್ತರ ಪ್ರದೇಶದ ಫಿರೋಜಾಬಾದ್, ನಮ್ಮ ಹೆಣ್ಣುಮಕ್ಕಳ ಕೈಯ ಗಾಜಿನ ಬಳೆಗಳ ತವರು. ಅಲ್ಲಿನ ಜೈನ್ ಗ್ಲಾಸ್ ವರ್ಕ್ಸ್ ಈ ಕೆಲಸಕ್ಕೆ ಹೆಸರಾಗಿತ್ತು, ಕೆಲವು ಹೂದಾನಿಗಳ ಮೇಲೆ ಇಂಗ್ಲಿಷಿನಲ್ಲಿ ಜೈನ್ ಎಂದು ಮೂಡಿಸಿದ್ದೂ ಇದೆ. ಈ ಮೀನು ಎಲ್ಲಿಯದೆಂದು ಪಶ್ಚಿಮದ ಸಂಗ್ರಾಹಕರು ಬಹಳ ಕಾಲ ತಲೆ ಕೆರೆದುಕೊಂಡಿದ್ದರು.

ನಮ್ಮದರ ಮೇಲೆ ಅಕ್ಷರವಿಲ್ಲ. ಆದರೆ ಬಾಯಂಚು ಇದೆ. ಅಚ್ಚಿಗೆ ಊದಿದ ಗಾಜು ಕೊಳವೆಯಿಂದ ಕಳಚುವಾಗ ಮೇಲಿನ ಟೊಪ್ಪಿಯಂಥ ಭಾಗವನ್ನು ಸೀಳಿ ತೆಗೆದು, ಅಂಚನ್ನು ಉಜ್ಜುತ್ತಾರೆ. ವೈಟ್‌ಫ್ರಯರ್ಸ್‌ನಂಥ ಕಡೆ ಅಂಚು ಬೆರಳಿಗೆ ಹಿತವಾಗುವ ತನಕ ಕೆಲಸ ನಡೆಯುತ್ತದೆ. ಪೈಸೆ ಲೆಕ್ಕದಲ್ಲಿ ಮಾರುವ ಕಾರ್ಖಾನೆಗೆ ಅಷ್ಟು ಪುರುಸೊತ್ತಿಲ್ಲ, ಉಜ್ಜಿದ ಮೇಲೆ ಮುಗಿಯಿತು. ಫಿರೋಜಾಬಾದಿನ ಈ ಹೂದಾನಿಗಳ ಅಂಚು ತರಿತರಿಯಾಗಿರುವುದು ಆ ಕಾರಣಕ್ಕೆ, ಗುರುತು ಹಿಡಿಯುವವರು ಮೊದಲು ಮುಟ್ಟಿ ನೋಡುವುದೂ ಅದನ್ನೇ.

ನಾನು ಬೆರಳು ಚಾಚಿದ್ದಷ್ಟೇ, ಒಳಗಿನ ಕೋಣೆಯಿಂದ ಅಮ್ಮನ ದನಿ ಬಂತು, ನಾನು ಐದು ವರ್ಷದವನಾಗಿದ್ದಾಗ ಬರುತ್ತಿದ್ದ ಹಾಗೆಯೇ: "ಅದರ ಬಾಯಿ ಮುಟ್ಟಬೇಡವೋ, ಕೈ ಕೊಯ್ಯುತ್ತೆ!"